ಮನಸ್ಸು ಬರಲಿ ಎಂದು ಕಾಯಬೇಡಿ

(ರಾಜೇಶ್ವರದಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸುತ್ತೇವೆ. ಅದು ಆಗಬೇಕಾದ ಕೆಲಸವೇ. ಆದರೆ ವೇದಿಕೆಗೆ ಬಾರದ ಮಕ್ಕಳ ಬಗ್ಗೆ ನಾನು ಇಂದು ಎರಡು ಮಾತು ಹೇಳಬಯಸುತ್ತೇನೆ. ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡವರು, ನೀಟ್‌ನಲ್ಲಿ ಅಂಕ ಸಾಲದೆ ಮನೆಯಲ್ಲಿ ಕುಳಿತವರು, ಪದವಿ ಮುಗಿಸಿ ನೌಕರಿಗೆ ಕಾಯುತ್ತಿರುವವರು ಪ್ರತಿ ಓಣಿಯಲ್ಲೂ ಇದ್ದಾರೆ. ರಾತ್ರಿ ಎರಡರವರೆಗೆ ಮೊಬೈಲ್, ಬೆಳಿಗ್ಗೆ ಹನ್ನೊಂದಕ್ಕೆ ಏಳುವುದು. ಯಾಕೆಂದು ಕೇಳಿದರೆ "ದಿಲ್ ನೈ ಲಗ್ರಾ" ಎನ್ನುತ್ತಾರೆ. ನಮ್ಮ ಭಾಗದ ಕನ್ನಡದಲ್ಲಿ ಇದನ್ನೇ "ಮನಸ್ಸ ಹತ್ತವಲ್ದು" ಎನ್ನುತ್ತೇವೆ. ಎರಡೂ ಮಾತಿನ ಹಿಂದೆ ಇರುವುದು ಒಂದೇ ನಂಬಿಕೆ: ಮೊದಲು ಮನಸ್ಸು ಬರಬೇಕು, ಆಮೇಲೆ ಕೆಲಸ.

ಸ್ನೇಹಿತರೇ, ಈ ಕ್ರಮವನ್ನು ತಿರುಗಿಸಿ ನೋಡಿ ಎಂಬುದೇ ನನ್ನ ವಿನಂತಿ. ಬೇಸರವಾದಾಗ ಮನುಷ್ಯ ಜನರಿಂದ ದೂರವಾಗುತ್ತಾನೆ, ಕೆಲಸ ಮುಂದೂಡುತ್ತಾನೆ. ಆ ಕ್ಷಣಕ್ಕೆ ಹಗುರ ಎನಿಸುತ್ತದೆ. ಆದರೆ ಸಂತೋಷ ಕೊಡಬಹುದಾಗಿದ್ದ ಗೆಳೆಯರು, ಆಟ, "ಇವತ್ತು ಇಷ್ಟು ಮಾಡಿದೆ" ಎಂಬ ಸಮಾಧಾನ ಎಲ್ಲವೂ ದಿನದಿಂದ ಜಾರಿಹೋಗುತ್ತವೆ. ಆಗ ಬೇಸರ ಇನ್ನೂ ಹೆಚ್ಚುತ್ತದೆ. ಇದೊಂದು ಗಾಣದ ಸುತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸೋನ್ 1970ರ ದಶಕದಲ್ಲಿ ಈ ಸುತ್ತನ್ನು ಗುರುತಿಸಿ, ಮನಸ್ಸಿಗೆ ಕಾಯದೆ ಚಟುವಟಿಕೆಯ ಕಡೆಯಿಂದಲೇ ಅದನ್ನು ಮುರಿಯಬೇಕೆಂದು ತೋರಿಸಿದರು.

ಇದು ದೂರದ ದೇಶದ ಮಾತು ಎನ್ನಬೇಡಿ. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು 'ಸಂಗತ್' ಸಂಸ್ಥೆಯವರು ತೀವ್ರ ಖಿನ್ನತೆಯಿದ್ದ 495 ಜನರ ಮೇಲೆ ಅಧ್ಯಯನ ನಡೆಸಿದರು. ಅರ್ಧದಷ್ಟು ಜನರಿಗೆ ಸಾಮಾನ್ಯ ಚಿಕಿತ್ಸೆಯ ಜೊತೆ ಆರರಿಂದ ಎಂಟು ಭೇಟಿಗಳಲ್ಲಿ ದಿನದ ಚಟುವಟಿಕೆಗಳನ್ನು ಮತ್ತೆ ಕಟ್ಟಿಕೊಳ್ಳಲು ನೆರವಾದರು. ನೆರವಾದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಈ ನೆರವು ಪಡೆದವರಲ್ಲಿ 100ಕ್ಕೆ 64 ಜನ ಖಿನ್ನತೆಯಿಂದ ಹೊರಬಂದರು. ಪಡೆಯದವರಲ್ಲಿ ಹಾಗೆ ಹೊರಬಂದವರು 100ಕ್ಕೆ 39.

ಹಾಗಾದರೆ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಲೇ ಇರಬೇಕೇ? ಇಲ್ಲ. ನಮ್ಮ ತಾಯಂದಿರನ್ನು ನೋಡಿ. ನೀರು, ಅಡುಗೆ, ಬಟ್ಟೆ, ಹೊಲ. ಅವರಿಗೆ ಕೆಲಸದ ಕೊರತೆಯಿಲ್ಲ. ಆದರೂ ಅವರ ಮುಖ ಬಾಡಿರುತ್ತದೆ, ಏಕೆಂದರೆ ಅವರ ದಿನದಲ್ಲಿ ವಿಶ್ರಾಂತಿ ಇಲ್ಲ, ತಮ್ಮದೆನ್ನುವ ಒಂದು ಗಳಿಗೆ ಇಲ್ಲ. ಬೇಕಾದದ್ದು ಸಮತೋಲನ. ಸಹಾಬಿ ಅಬೂದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯವರನ್ನೂ ಮರೆತಿದ್ದರು. ಅತಿಥಿಯಾಗಿ ಬಂದ ಸಲ್ಮಾನ್ ಫಾರ್ಸಿ(ರ) ಅವರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು. ಪ್ರಭುವಿಗೂ ಶರೀರಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಎಲ್ಲರ ಹಕ್ಕನ್ನೂ ಸಲ್ಲಿಸಿ ಎಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ಯವರ ಬಳಿ ಹೋದಾಗ ಅವರು ಸಲ್ಮಾನರ ಮಾತನ್ನೇ ಒಪ್ಪಿದರು.

ಕಲ್ಯಾಣದ ನೆರೆಯಲ್ಲಿರುವ ನಮಗೆ ಇನ್ನೊಂದು ಕತೆಯೂ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಇಂದಿನ ಲಿಂಗಸೂಗೂರು ತಾಲೂಕಿನ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವರು. ಅನುಭವ ಗೋಷ್ಠಿಯಲ್ಲಿ ಮೈಮರೆತಾಗ ಅವರಿಗೆ ಕಾಯಕವನ್ನು ನೆನಪಿಸಿದವಳು ಹೆಂಡತಿ ಲಕ್ಕಮ್ಮ. ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹಿಂದಿರುಗಿಸಿ ಬನ್ನಿ ಎಂದವಳೂ ಅವಳೇ. ಕೆಲಸ ಬಿಡಬಾರದು, ಅತಿಯೂ ಆಗಬಾರದು ಎಂಬ ಪಾಠ ನಮ್ಮ ಮಣ್ಣಿನಲ್ಲೇ ಇದೆ.

ಈಗ ವಿದ್ಯಾರ್ಥಿಗಳೇ, ಮಾಡುವುದು ಹೇಗೆಂದು ಹೇಳುತ್ತೇನೆ.

ಮೊದಲು, ಒಂದು ವಾರ ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯಿರಿ. ಯಾವ ಹೊತ್ತು ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಎರಡು ಗಂಟೆ ಮೊಬೈಲ್ ನೋಡಿದ ಮೇಲೆ ಎಷ್ಟು, ಅಜ್ಜಿಯ ಜೊತೆ ಹತ್ತು ನಿಮಿಷ ಕುಳಿತ ಮೇಲೆ ಎಷ್ಟು ಎಂಬುದನ್ನು ನಿಮ್ಮ ಕೈಬರಹವೇ ಹೇಳುತ್ತದೆ.

ಎರಡನೆಯದಾಗಿ, ದಿನದಲ್ಲಿ ನಾಲ್ಕು ಬಗೆಯ ಕೆಲಸ ಇರಲಿ: ಕರ್ತವ್ಯದ್ದು ಒಂದು, ಮೈ ಅಲುಗಾಡಿಸುವುದು ಒಂದು, ಖುಷಿಯದು ಒಂದು, ಇನ್ನೊಬ್ಬರಿಗೆ ಉಪಯೋಗವಾಗುವುದು ಒಂದು. ತಂಗಿಗೆ ಗಣಿತ ಹೇಳಿಕೊಡುವುದು, ಹೊಲದಲ್ಲಿ ತಂದೆಯ ಜೊತೆ ತೊಗರಿ ಕೊಯ್ಯುವುದು, ಸಂಜೆ ಕ್ರಿಕೆಟ್ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೂರನೆಯದಾಗಿ, ಕೆಲಸವನ್ನು ಚಿಕ್ಕದು ಮಾಡಿ. "ನಾಳೆಯಿಂದ ಎಂಟು ಗಂಟೆ ಓದುತ್ತೇನೆ" ಎಂಬ ಪ್ರತಿಜ್ಞೆ ಮೂರನೇ ದಿನ ಮುರಿಯುತ್ತದೆ. "ಅಸರ್ ನಮಾಝಿನ ನಂತರ ಭೌತಶಾಸ್ತ್ರದ ಎರಡು ಪುಟ" ಎಂಬುದು ಉಳಿಯುತ್ತದೆ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಅತ್ಯಂತ ಪ್ರಿಯ ಎಂದು ಪ್ರವಾದಿ(ಸ)ಯವರು ಕಲಿಸಿಲ್ಲವೇ? ಐದು ಹೊತ್ತಿನ ನಮಾಝ್ ನಮ್ಮ ದಿನಕ್ಕೆ ಐದು ಗೂಟ ನೆಟ್ಟುಕೊಟ್ಟಿದೆ. ಒಂದೊಂದು ಗೂಟಕ್ಕೆ ಒಂದೊಂದು ಕೆಲಸ ಕಟ್ಟಿದರೆ ಅಲಾರಂ ಬೇಕಿಲ್ಲ. ಫಜರ್‌ಗೆ ಎದ್ದವನು ಮತ್ತೆ ಮಲಗದೆ ಊರ ಹೊರಗೆ ಇಪ್ಪತ್ತು ನಿಮಿಷ ನಡೆದು ಬಂದರೆ ದಿನದ ಅರ್ಧ ಗೆದ್ದಂತೆ.

ಮೊದಲ ದಿನವೇ ಸಂತೋಷ ಉಕ್ಕುವುದಿಲ್ಲ. ಮನಸ್ಸಿಲ್ಲದೆಯೇ ಮಾಡಿ. ಹಿಂಗಾರಿ ಜೋಳ ಬಿತ್ತಿದ ರೈತ ಮರುದಿನ ಮಣ್ಣು ಕೆದರಿ ನೋಡುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಅಲ್ಲಿಂದಲೇ ಮುಂದುವರಿಸಿ.

ಪಾಲಕರಲ್ಲಿ ಒಂದು ಮಾತು. "ಸೋಮಾರಿ" ಎಂದು ಬೈದರೆ ಮಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. "ಬಾ ಬೇಟಾ, ಬಜಾರಿಗೆ ಹೋಗಿ ಬರೋಣ" ಎಂದರೆ ಹೊರಗೆ ಬರುತ್ತಾನೆ. ಹತ್ತನೇ ತರಗತಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ಮನೆಗೆಲಸದ ಆಚೆ ಓದು, ಗೆಳತಿಯರು, ಒಂದು ಕಸುಬು ಇರಲಿ.

ಕೊನೆಯದಾಗಿ, ಎರಡು ವಾರ ದಾಟಿದರೂ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋದರೆ ವೈದ್ಯರಿಗೆ ತೋರಿಸಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಇದು ಈಮಾನಿನ ಕೊರತೆಯಲ್ಲ, ಚಿಕಿತ್ಸೆ ಇರುವ ಕಾಯಿಲೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇಂದು ಮನೆಗೆ ಹೋಗಿ ನಾಳೆಯ ಒಂದೇ ಒಂದು ಕೆಲಸ ಬರೆದಿಡಿ, ಹೊತ್ತನ್ನೂ ಬರೆಯಿರಿ. ನಿಮ್ಮ ಓಣಿಯಲ್ಲಿ ಸುಮ್ಮನೆ ಕುಳಿತ ಗೆಳೆಯನೊಬ್ಬನಿದ್ದರೆ ಆ ಕೆಲಸಕ್ಕೆ ಅವನನ್ನೂ ಕರೆಯಿರಿ. ಅಲ್ಲಾಹನು ನಮ್ಮೆಲ್ಲರ ಸಮಯದಲ್ಲಿ ಬರಕತ್ ನೀಡಲಿ, ಆಮೀನ್. ವಸ್ಸಲಾಮ್.