ನಿಮ್ಮ ಹೊಲದ ಮಳೆ ಅಳೆಯಿರಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಒಂದೂರಿಗೆ ಬಿದ್ದ ಮಳೆ ಪಕ್ಕದೂರಿಗೆ ಬೀಳದಿರುವುದು ನಿಮಗೆ ಗೊತ್ತಿದ್ದದ್ದೇ. ಒಂದೆಡೆ 40 ಮಿ.ಮೀ., ಇನ್ನೊಂದೆಡೆ ಸೊನ್ನೆಯಾದರೆ ಸರಾಸರಿ 20. ಆ 20 ಯಾರ ಹೊಲದಲ್ಲೂ ಬಿದ್ದಿಲ್ಲ! ಅದನ್ನು ನಂಬಿ ಶೇಂಗಾ ಬಿತ್ತಿದರೆ ದುಬಾರಿ ಬೀಜ ಮಣ್ಣುಪಾಲಾದೀತು.

ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ಸಮತಟ್ಟು ತಳದ ಡಬ್ಬಿಯೊಂದನ್ನು ಮರ, ಗೋಡೆಗಳಿಂದ ದೂರ ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಿರಿ. ಬೆಳಿಗ್ಗೆ 8-30ಕ್ಕೆ ಅಳತೆಪಟ್ಟಿಯಿಂದ ನೀರಿನ ಆಳ ನೋಡಿ, ಬರೆದಿಟ್ಟು, ಚೆಲ್ಲಿರಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುವುದರಿಂದ ಹೋಲಿಸಲು ಅನುಕೂಲ. 1 ಮಿ.ಮೀ. ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

ಆದರೆ ಇಳಿಜಾರಿನ ಮಸಾರಿಯಲ್ಲಿ ರಭಸದ ಮಳೆ ಹರಿದುಹೋಗುತ್ತದೆ. ಡಬ್ಬಿ ಅದನ್ನು ಹೇಳದು. ಬಿತ್ತುವ ಮುನ್ನ ಎರಡು ಮೂರು ಕಡೆ ಅಗೆದು, ಹಸಿ ಎಷ್ಟು ಇಳಿದಿದೆಯೆಂದು ನೋಡಿಕೊಳ್ಳಿರಿ.