ಎರಡು ತಿಂಗಳ ಮಂಜುಗಡ್ಡೆ, ಹನ್ನೆರಡು ತಿಂಗಳ ಛಲ



ಛಲ ಮತ್ತು ನಿಷ್ಠೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಹೇಳಿದ್ದೀರಿ. ಅದಕ್ಕೆ ನಾನು ಆರಿಸಿಕೊಂಡಿರುವುದು ಐಸ್ ಹಾಕಿ. ಹೈದರಾಬಾದಿನ ಬಿಸಿಲಲ್ಲಿ ಕುಳಿತು ಇದೇನು ಮಂಜುಗಡ್ಡೆಯ ಮಾತು ಎಂದು ನಗಬೇಡಿ. ನಮ್ಮ ದೇಶದ ಹೆಣ್ಣುಮಕ್ಕಳೇ ಈ ಆಟದಲ್ಲಿ ಏಷ್ಯಾ ಮಟ್ಟದ ಪದಕ ತಂದಿದ್ದಾರೆ.

ಭಾರತ ಮಹಿಳಾ ಐಸ್ ಹಾಕಿ ತಂಡದ ಹೆಚ್ಚಿನವರು ಲಡಾಖಿನವರು. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಕೆರೆಕೊಳಗಳು ಹೆಪ್ಪುಗಟ್ಟಿ ಆಡಲು ಸಿಗುವುದು ಚಳಿಗಾಲದ ಎರಡು ತಿಂಗಳು ಮಾತ್ರ. ಉಳಿದ ಹತ್ತು ತಿಂಗಳು ಓಟ, ವ್ಯಾಯಾಮ, ಕಾಯುವಿಕೆ. ಮೊದಮೊದಲು ಈ ಹುಡುಗಿಯರಿಗೆ ಸ್ವಂತ ಸ್ಕೇಟ್ ಕೂಡ ಇರಲಿಲ್ಲ. ಎರವಲು ತಂದು ಆಡುತ್ತಿದ್ದರು. 2016ರಲ್ಲಿ ತೈಪೆಯಲ್ಲಿ ಮೊದಲ ಅಂತಾರಾಷ್ಟ್ರೀಯ ಟೂರ್ನಿ ಆಡಿದಾಗ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಜನರಿಂದ ದೇಣಿಗೆ ಕೂಡಿಸಿಕೊಂಡು ಮರುವರ್ಷ ಬ್ಯಾಂಕಾಕಿಗೆ ಹೋದರು. ಫಿಲಿಪೀನ್ಸ್ ತಂಡವನ್ನು 4–3ರಿಂದ ಸೋಲಿಸಿದರು. ಅದು ಮೊದಲ ಗೆಲುವು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಬಂತು. ಆ ಕಂಚಿನ ಹಿಂದೆ ಒಂಬತ್ತು ಚಳಿಗಾಲಗಳಿವೆ.

ಉತ್ತರ ಅಮೆರಿಕದಲ್ಲಿ 2024ರ ಜನವರಿಯಿಂದ ಮಹಿಳೆಯರಿಗೆ ಸಂಬಳ ಕೊಡುವ ವೃತ್ತಿಪರ ಲೀಗ್ ಇದೆ. ನಮ್ಮಲ್ಲಿ ಐಸ್ ಹಾಕಿ ನಂಬಿ ಸಂಸಾರ ನಡೆಸುವ ಹಾಗಿಲ್ಲ. ಕೆಲವರು ಐಟಿಬಿಪಿ ಪಡೆಯಲ್ಲಿ ನೌಕರಿಯಲ್ಲಿದ್ದಾರೆ. ತಂಡದ ಗೋಲ್‌ಕೀಪರ್ ಆಗಿದ್ದ ನೂರ್ ಜಹಾನ್ ಅವರ ವೃತ್ತಿ ಲಡಾಖಿನ ಹಳೆಯ ಭಿತ್ತಿಚಿತ್ರ, ಥಂಕಾಗಳನ್ನು ಜೋಪಾನ ಮಾಡುವುದು. ಒಂದು ಕಡೆ ಉಸಿರು ಬಿಗಿಹಿಡಿದು ಬಣ್ಣದ ಚಕ್ಕೆಯನ್ನು ಉಳಿಸುವ ಕೈ, ಇನ್ನೊಂದು ಕಡೆ ಗುಂಡಿನಂತೆ ಬರುವ ಪಕ್ ತಡೆಯುವ ಕೈ!

ಈ ಆಟದ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಇಪ್ಪತ್ತು ನಿಮಿಷದ ಮೂರು ಅವಧಿ; ಒಂದು ತಂಡದಿಂದ ಗೋಲ್‌ಕೀಪರ್ ಸೇರಿ ಆರು ಜನ. ಆದರೆ ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಒಂದೇ ಸಮನೆ ಆಡುವುದಿಲ್ಲ. ಮುಕ್ಕಾಲು ನಿಮಿಷದಷ್ಟು ಪೂರ್ಣ ಶಕ್ತಿ ಹಾಕಿ ಆಡಿ, ಹೊರಗೆ ಬಂದು ಕೂರುತ್ತಾರೆ. ಆಟ ನಡೆಯುತ್ತಿರುವಾಗಲೇ ಬೆಂಚಿನಿಂದ ಇನ್ನೊಬ್ಬಳು ಒಳಗೆ ಧುಮುಕುತ್ತಾಳೆ. ಹೊರಬಂದವಳನ್ನು ಸೋತವಳು ಎಂದು ಯಾರೂ ಅನ್ನುವುದಿಲ್ಲ. ಆ ಪಾಳಿ ಇರುವುದರಿಂದಲೇ ಅವಳು ಕೊನೆಯ ನಿಮಿಷದವರೆಗೂ ಆಟದಲ್ಲಿ ಉಳಿಯುತ್ತಾಳೆ.

ಇದನ್ನು ನಮ್ಮ ಮನೆಗೆ ಹೋಲಿಸಿ ನೋಡಿ. ಸಾಫ್ಟ್‌ವೇರ್ ಕೆಲಸದಲ್ಲಿ ಆನ್‌ಕಾಲ್ ಇದ್ದರೆ ವಾರ ಮುಗಿದ ಮೇಲೆ ಇನ್ನೊಬ್ಬರಿಗೆ ಒಪ್ಪಿಸುತ್ತೇವೆ. ಮನೆಯಲ್ಲಿ ಮಾತ್ರ ವರ್ಷವಿಡೀ ಒಬ್ಬಳೇ ಆನ್‌ಕಾಲ್! ಹೀಗಿದ್ದೂ ಅವಳು ಸಂಗೀತವನ್ನೋ ಓದನ್ನೋ ಆಟವನ್ನೋ ಬಿಟ್ಟರೆ, "ಛಲ ಸಾಲದು" ಎಂದುಬಿಡುತ್ತೇವೆ. ಛಲ ಇರುತ್ತದೆ, ಪಾಳಿ ಬದಲಿಸುವವರು ಇರುವುದಿಲ್ಲ.

ನಮ್ಮ ನಾಡಿನಲ್ಲೇ ಬೇರೆ ತರಹದ ಉದಾಹರಣೆಯೂ ಇದೆ. ಬೆಂಗಳೂರಿನ ಎಲ್ವೆರಾ ಬ್ರಿಟೊ 1960ರ ದಶಕದಲ್ಲಿ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡದ ನಾಯಕಿಯಾಗಿ ಹಲವು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ತಂಗಿಯರಾದ ರೀಟಾ, ಮೇ ಇಬ್ಬರೂ ಅದೇ ತಂಡದಲ್ಲಿದ್ದರು. ಒಂದೇ ಮನೆಯ ಮೂವರು ಹೆಣ್ಣುಮಕ್ಕಳು ಮೈದಾನಕ್ಕೆ ಹೊರಟಾಗ ಒಬ್ಬಳಿಗೆ ಇನ್ನಿಬ್ಬರ ಬಲ ಇತ್ತು. 2022ರಲ್ಲಿ ಎಲ್ವೆರಾ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಹಿಮಾಯತ್‌ನಗರದ ಪಕ್ಕದಲ್ಲೇ ಇಂದಿರಾ ಪಾರ್ಕ್ ಇದೆ, ಸ್ಕೇಟಿಂಗ್ ರಿಂಕ್ ಇದೆ. ಚಕ್ರದ ಸ್ಕೇಟ್ ಕಲಿತವರು ಮುಂದೆ ಮಂಜುಗಡ್ಡೆಗೂ ಹೋಗಬಹುದು. ಆದರೆ ಎಂಟನೇ ಒಂಬತ್ತನೇ ತರಗತಿಗೆ ಬಂದ ಕೂಡಲೇ ಹುಡುಗಿಯರ ಸ್ಕೇಟ್ ಅಟ್ಟ ಸೇರುತ್ತದೆ. ಟ್ಯೂಷನ್ ಒಂದು ಕಾರಣ. ಕರೆದುಕೊಂಡು ಹೋಗಿ ಬರುವವರಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ನಮ್ಮಲ್ಲೇ ಪರಿಹಾರ ಇದೆ.

ನನ್ನ ಸಲಹೆ ಇಷ್ಟೇ. ಒಂದೊಂದು ಬಡಾವಣೆಯ ನಾಲ್ಕೈದು ಮನೆಯವರು ಸೇರಿ ಪಾಳಿ ಹಾಕಿಕೊಳ್ಳೋಣ. ಸೋಮವಾರ ಒಬ್ಬರು, ಬುಧವಾರ ಇನ್ನೊಬ್ಬರು ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗಲಿ. ಅಪ್ಪಂದಿರ ಹೆಸರೂ ಆ ಪಟ್ಟಿಯಲ್ಲಿರಲಿ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರು ಕೇಳಿಸಿಕೊಳ್ಳುತ್ತಿದ್ದೀರಿ ತಾನೇ? ನಿಮ್ಮ ಪಾಳಿ ಇಲ್ಲದ ಸಂಜೆ ನಿಮ್ಮದು. ನಿಂತುಹೋದ ವೀಣೆಯನ್ನೋ ವಾಕಿಂಗನ್ನೋ ಅಂದು ಶುರುಮಾಡಿ.

ಪದಕ ಬಂದ ದಿನ ಚಪ್ಪಾಳೆ ತಟ್ಟುವುದು ಸುಲಭ. ಪದಕ ಬರುವ ಮುಂಚಿನ ಒಂಬತ್ತು ವರ್ಷ ಜೊತೆಗಿರುವುದೇ ನಿಜವಾದ ಗೌರವ. ನಮ್ಮ ಸಂಘ ಅಂಥ ಬೆಂಚು ಆಗಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.