ಬರೆಯುವವನ ಕೂಲಿ
(ತಿರುಮಕೂಡಲು ನರಸೀಪುರದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಬರುವ ದಾರಿಯಲ್ಲಿ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನಮ್ಮನ್ನು ತಡೆದು, “ಬರೀತೀರಲ್ಲ ಸ್ವಾಮಿ, ಅದರಿಂದ ಗಿಟ್ಟೋದೇನು?” ಎಂದು ಕೇಳಿದರು. ಕುಚೋದ್ಯಕ್ಕೆ ಕೇಳಿದ ಮಾತಲ್ಲ. ದಿನವೂ ತಕ್ಕಡಿ ಹಿಡಿಯುವವರಿಗೆ ಸಹಜವಾಗಿ ಬರುವ ಪ್ರಶ್ನೆ. ನಮ್ಮ ಸಾಹಿತಿಗಳು ಸೇರಿದ ಕಡೆ ಸರಸ್ವತಿಯ ಮಾತು ಬೇಕಾದಷ್ಟು ಆಗುತ್ತದೆ. ಕಾಗದದ ಅಂಗಡಿಯ ಬಾಕಿಯ ಮಾತು ಆಗುವುದಿಲ್ಲ. ಈ ಹೊತ್ತು ನಾವು ಆ ಬಾಕಿಯ ಮಾತನ್ನೇ ಆಡುತ್ತೇವೆ.

ನೂರು ರೂಪಾಯಿ ಬೆಲೆಯ ಪುಸ್ತಕದಲ್ಲಿ ಬರೆದವನ ಪಾಲು ವಾಡಿಕೆಯಂತೆ ಹತ್ತು ರೂಪಾಯಿ. ಉಳಿದದ್ದು ಕಾಗದ, ಅಚ್ಚು, ಬೈಂಡಿಂಗು, ಸಾಗಾಣಿಕೆ, ಅಂಗಡಿಯ ಕಮಿಷನ್, ಪ್ರಕಾಶಕರ ಲಾಭ. ಆ ಹತ್ತು ರೂಪಾಯಿಯೂ ಪುಸ್ತಕ ಮಾರಿದ ಮೇಲಿನ ಮಾತು. ಪ್ರಕಾಶಕರು ಸಿಗದಿದ್ದವನು ಸ್ವಂತ ಖರ್ಚಿನಲ್ಲಿಯೇ ಅಚ್ಚು ಹಾಕಿಸಬೇಕು. ನಾವೂ ಒಮ್ಮೆ ಸಾಲ ಮಾಡಿ ಐನೂರು ಪ್ರತಿ ಹಾಕಿಸಿದೆವು. ನೂರಕ್ಕೂ ಹೆಚ್ಚು ಪ್ರತಿಗಳು ‘ಗೌರವ ಪ್ರತಿ’ ಎಂಬ ಹೆಸರಿನಲ್ಲಿ ಹೊರಟುಹೋದವು. ಅಂಗಡಿಯವರೊಬ್ಬರು ಐವತ್ತು ಪ್ರತಿ ತೆಗೆದುಕೊಂಡು, ಮಾರಿದ ಮೇಲೆ ನೋಡೋಣ ಎಂದರು. ಕೆಲವು ತಿಂಗಳ ಮೇಲೆ ಹೋಗಿ ನೋಡಿದರೆ ಅಲ್ಲಿ ಪುಸ್ತಕವೂ ಇರಲಿಲ್ಲ, ಹಣವೂ ಇರಲಿಲ್ಲ. ಮಿಕ್ಕ ಗಂಟು ಮನೆಯ ಅಟ್ಟವನ್ನು ಸೇರಿತು.

ನಮ್ಮ ಗೋಳು ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಎಲ್ಲರೂ ಕೇಳಿದ್ದೀರಿ. ಆದರೆ ಅಷ್ಟು ದೂರದ ಉದಾಹರಣೆ ನಮಗೇಕೆ? ನಿಮ್ಮ ಊರಿನಲ್ಲಿ ಕಾವೇರಿಯನ್ನು ಕೂಡುವ ಈ ಕಪಿಲೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ನಂಜನಗೂಡು ಸಿಗುತ್ತದೆ. ಅಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ ಎಂಬ ಹೆಣ್ಣುಮಗಳ ವಿಷಯವನ್ನು ನಿಮ್ಮಲ್ಲಿ ಎಷ್ಟು ಜನ ಬಲ್ಲಿರಿ?

ಚಿಕ್ಕ ವಯಸ್ಸಿನಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆ ವಕೀಲರು, ಮಗಳ ಓದಿಗೆ ಅಡ್ಡಿ ಬರಲಿಲ್ಲ, ಬೆಂಬಲವಾಗಿ ನಿಂತರು. ಆ ಕಾಲದಲ್ಲಿ ಅಂಥ ಮನೆಯ ವಿಧವೆ ಬೀದಿಗೆ ಬರುವುದೇ ದುಸ್ತರ. ಈಕೆ 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ತನ್ನ ‘ಸುಶೀಲೆ’ ಕಾದಂಬರಿಯನ್ನು ತಾನೇ ಪ್ರಕಟಿಸಿದರು. ಅದು ಮತ್ತೆ ಮತ್ತೆ ಅಚ್ಚಾಯಿತು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳನ್ನೂ ನಡೆಸಿದರು. ಗ್ರಂಥಮಾಲೆ ಎಂದರೆ ಬರಿಯ ಬರವಣಿಗೆಯಲ್ಲ. ಕಾಗದಕ್ಕೆ ದುಡ್ಡು ಹೊಂದಿಸಬೇಕು, ಕರಡು ತಿದ್ದಬೇಕು, ಕೊಳ್ಳುವವರಿಗೆ ತಲುಪಿಸಬೇಕು, ಲೆಕ್ಕ ಇಡಬೇಕು. ನಮ್ಮ ವರ್ತಕ ಮಿತ್ರರು ಮಾಡುವ ಕೆಲಸವೇ ಅದು.

ಆ ಬರಹದಲ್ಲಿರುವ ಪಾತಿವ್ರತ್ಯದ ಬೋಧೆಯನ್ನು ನಾವು ಒಪ್ಪುವವರಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಆಕೆ ಬರೆದದ್ದಕ್ಕಿಂತ ಆಕೆ ಬದುಕಿದ್ದು ದೊಡ್ಡ ಕ್ರಾಂತಿ ಎಂಬುದು ನಮ್ಮ ಅಭಿಪ್ರಾಯ.

ಮುಂದೆ ಆದದ್ದನ್ನು ಹೇಳಲು ನಮಗೆ ಸಂಕಟವಾಗುತ್ತದೆ. ಬರವಣಿಗೆ ನಿಂತಿತು. ಸಾಹಿತ್ಯ ಚರಿತ್ರೆ ಬರೆದವರು ಬಹುಕಾಲ ಆಕೆಯ ಹೆಸರನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋಗುವ ಹೊತ್ತಿಗೆ ತಿರುಮಲಾಂಬ ಮದರಾಸಿನಲ್ಲಿದ್ದ ಮುದುಕಿ. 1982ರಲ್ಲಿ ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ, ಸಂತೋಷ. ವಿಮರ್ಶಕರನ್ನು ಬೈಯುವುದು ಸುಲಭ. ನಾವು ಕೇಳುವುದು ಬೇರೆ: ‘ಸುಶೀಲೆ’ಯನ್ನು ಕೊಂಡು ಓದಿ ಕಣ್ಣೊರೆಸಿಕೊಂಡ ಅಷ್ಟು ಜನ ಎಲ್ಲಿ ಹೋಗಿದ್ದರು? ಮೆಚ್ಚಿದವರು ಸುಮ್ಮನಿದ್ದರು, ಮೆಚ್ಚದವರು ಬರೆದರು. ಉಳಿದದ್ದು ಬರೆದವರ ಮಾತು.

ಅದೇ ತಾಲ್ಲೂಕಿನ ದೇವನೂರಿನಿಂದ ಮತ್ತೊಬ್ಬರು ಬಂದರು. ದೇವನೂರ ಮಹಾದೇವ ಅವರು ಬರೆದದ್ದು ಸ್ವಲ್ಪ, ಬಿಟ್ಟ ಕಾಲ ಬಹಳ. ನಂಜನಗೂಡು ಸೀಮೆಯ ಆಡುಮಾತನ್ನೇ ಹಿಡಿದು 1984ರಲ್ಲಿ ‘ಕುಸುಮಬಾಲೆ’ ಕೊಟ್ಟರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಂತೆಯಲ್ಲಿ ಆಡುವ ಮಾತು ಅಚ್ಚಿಗೆ ಅರ್ಹವೆಂದು ತೋರಿಸಿದ್ದು ಸಣ್ಣ ಕೆಲಸವಲ್ಲ. 2022ರಲ್ಲಿ ಆರೆಸ್ಸೆಸ್ ಕುರಿತು ಒಂದು ಕಿರುಪುಸ್ತಕ ಬರೆದಾಗ ಅದನ್ನು ಒಬ್ಬ ಪ್ರಕಾಶಕರಿಗೆ ಕಟ್ಟಿಹಾಕಲಿಲ್ಲ. ಬೇರೆ ಬೇರೆ ಕಡೆಯ ಹಲವು ಪ್ರಕಾಶಕರು ಅಚ್ಚು ಹಾಕಿದರು. ಬೆಲೆ 40 ರೂಪಾಯಿ. ಲಕ್ಷಕ್ಕೂ ಮೀರಿ ಪ್ರತಿಗಳು ಹೋದವು. ವಿಷಯದ ಚರ್ಚೆ ಇನ್ನೊಂದು ದಿನಕ್ಕಿರಲಿ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ, ಕನ್ನಡದವರು ಪುಸ್ತಕ ಕೊಳ್ಳುವುದಿಲ್ಲ ಎಂಬ ಹಳೆಯ ಮಾತು ಅಲ್ಲಿಗೆ ಬಿದ್ದುಹೋಯಿತು.

ಇದನ್ನು ಮುಂದಿಟ್ಟುಕೊಂಡು, ಎಲ್ಲ ಲೇಖಕರೂ ಹೀಗೆಯೇ ಬಿಟ್ಟುಕೊಡಲಿ ಎನ್ನುವ ಜಾಣರೂ ಇದ್ದಾರೆ. ತಾನಾಗಿ ಕೂಲಿ ಬಿಟ್ಟುಕೊಡುವುದು ಬೇರೆ, ಕೂಲಿಯನ್ನು ಮುರಿದುಕೊಳ್ಳುವುದು ಬೇರೆ. ಗಿರಣಿಯಲ್ಲಿ ದುಡಿಯುವ ನಿಮಗೆ ಈ ವ್ಯತ್ಯಾಸವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಬರೆದವನ ಹಕ್ಕನ್ನು ಅವನು ತೀರಿಕೊಂಡ ಮೇಲೂ 60 ವರ್ಷ ಕಾಯುತ್ತದೆ. ಕಾಯಿದೆ ಇದ್ದರೂ ಕಾಗದದ ಮೇಲೆ ಕರಾರು ಬರೆಸಿಕೊಳ್ಳದೆ ಹಸ್ತಪ್ರತಿ ಕೊಟ್ಟವನು, ಮಸ್ಟರಿನಲ್ಲಿ ಹೆಸರಿಲ್ಲದೆ ದುಡಿದವನಂತೆಯೇ.

ಪಾಳಿ ಮುಗಿಸಿ ರಾತ್ರಿ ಒಂದೆರಡು ಪುಟ ಬರೆಯುವ ಹುಡುಗರು ನಿಮ್ಮಲ್ಲಿದ್ದಾರೆಂದು ನಮಗೆ ಗೊತ್ತು. ಅವರಿಗೆ ಹೇಳುವುದಿಷ್ಟೆ: ಬರೆದದ್ದನ್ನು ಮೊದಲು ಪಕ್ಕದ ಮಗ್ಗದವನಿಗೆ ಓದಿ ಹೇಳಿ. ಅವನು ಆಕಳಿಸಿದ ಕಡೆ ಹೊಡೆದುಹಾಕಿ. ಓದುವವರಿಗೆ ನಮ್ಮ ಬೇಡಿಕೆ ಎಂದರೆ, ಮೆಚ್ಚಿದರೆ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿ, ಮೆಚ್ಚದಿದ್ದರೂ ಹಾಕಿ.

ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕಗಳಿವೆ. ನಮ್ಮ ಅಟ್ಟದಿಂದ ಇಳಿಸಿದವೂ ಇವೆ, ಅಂಚಿನಲ್ಲಿ ಸ್ವಲ್ಪ ಗೆದ್ದಲು ತಿಂದಿದೆ, ಅಕ್ಷರಕ್ಕೆ ಭಂಗವಿಲ್ಲ. ಗೌರವ ಪ್ರತಿ ಇಲ್ಲ. ಉದ್ದರಿ ಬೇಕಾದವರು ಆ ಕಿರಾಣಿ ಅಂಗಡಿಯ ಮಿತ್ರರ ಜಾಮೀನು ತರಬೇಕು. ಅವರು ಅಗೋ, ಮೂರನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ.